ಹೊರಗಿನ ಚಿಲಕ

ಮಲಗುವ ಕೋಣೆಯ ಬಾಗಿಲು, ಆದರೆ ಚಿಲಕ ಇದ್ದದ್ದು ಹೊರಗಡೆ. ಬಡಗಿ ಅದನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದ.

“ಅದನ್ನ ಬಿಚ್ಚಿ ಒಳಗಡೆ ಹಾಕಿಬಿಡಿ ಮೇಸ್ತ್ರಿ,” ಎಂದರು ಮ್ಯೂಸಿಯಂ ನಿರ್ದೇಶಕರು. “ಹಳೇ ತೂತುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದ್ರೆ ಮುಗೀತು. ಮುಂದಿನ ತಿಂಗಳಿಂದ ಜನ ಬರ್ತಾರೆ.”

ಮ್ಯೂಸಿಯಂ ಆಗಲಿದ್ದ ಈ ಮನೆ ಒಬ್ಬ ಮಹಾಪುರುಷನದು. ಇನ್ನೂರು ವರ್ಷದ ಹಿಂದೆ ಸ್ವಾತಂತ್ರ್ಯದ ಮೇಲೆ ಗಂಟಲು ಹರಿಯುವಂತೆ ಭಾಷಣ ಮಾಡಿ, ಮನೆಗೆ ಬಂದು, ಸಂತೆಯಲ್ಲಿ ಕೊಂಡು ತಂದ ಗುಲಾಮರ ಕೈಲಿ ಕಾಲು ಒತ್ತಿಸಿಕೊಳ್ಳುತ್ತಿದ್ದ ಪುಣ್ಯಾತ್ಮ. ಆ ಗುಲಾಮರು ಮಲಗುತ್ತಿದ್ದದ್ದು ಅಡುಗೆಮನೆಯ ಹಿಂದಿನ, ಕಿಟಕಿಯೇ ಇಲ್ಲದ ಈ ಗೂಡಿನಲ್ಲಿ. ಗೋಡೆಗೆ ಒರಗಿಸಿಟ್ಟಿದ್ದ ಹೊಸ ಫಲಕದ ಮೇಲೆ ‘ಸೇವಕರ ವಿಶ್ರಾಂತಿ ಕೋಣೆ’ ಎಂದು ದುಂಡಗೆ ಬರೆದಿತ್ತು.

“ವಿಶ್ರಾಂತಿಯಂತೆ,” ಎಂದಳು ಬಾಗಿಲಿನ ಕೆಳಭಾಗವನ್ನು ಉಜ್ಜುತ್ತ ಕುಳಿತಿದ್ದ ಬಡಗಿಯ ಹೆಂಡತಿ. “ಹೊರಗಿಂದ ಚಿಲಕ ಹಾಕಿದ ಮೇಲೆ ವಿಶ್ರಾಂತಿ ಬಿಟ್ಟು ಇನ್ನೇನು ಮಾಡ್ತಾರೆ, ಪಾಪ.”

“ನೋಡಮ್ಮ, ಇವತ್ತಿನ ಅಳತೆಗೋಲು ಹಿಡ್ಕೊಂಡು ಅವತ್ತಿನವರನ್ನ ಅಳೀಬಾರದು. ದೊಡ್ಡವರ ಮನೇಲೆಲ್ಲ ಗುಲಾಮರಿದ್ರು. ಅದು ತಪ್ಪು ಅಂತ ಆ ಕಾಲದಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ.”

“ಒಳಗಿದ್ದವರಿಗೂ ಹೊಳೆದಿರಲಿಲ್ವಾ?”

ಅದಕ್ಕೆ ನಿರ್ದೇಶಕರು ಗಡಿಯಾರ ನೋಡಿಕೊಂಡರು. ಬಡಗಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಈ ಮನೆಯ ನಲವತ್ತು ಕಿಟಕಿಗಳ ಕೆಲಸ ಇನ್ನೂ ಬಾಕಿಯಿತ್ತು. ಅವನು ಚಿಲಕ ಬಿಚ್ಚಿ ಪಕ್ಕಕ್ಕಿಟ್ಟು, ಅದರ ಹಿಂದಿದ್ದ ಅಗಲವಾದ ಕಬ್ಬಿಣದ ಪಟ್ಟಿಯನ್ನು ಮೀಟಿ ಎಬ್ಬಿಸಿದ. ಕೆಳಗೆ, ಗಾಳಿ ಬೆಳಕು ತಾಗದೆ ಹೊಸದರಂತೆ ಉಳಿದಿದ್ದ ಮರದ ಮೇಲೆ, ಉಳಿಯಿಂದ ಕೊರೆದ ಮೂರು ಗೆರೆಗಳಿದ್ದವು. ಹಕ್ಕಿಕಾಲಿನ ಗುರುತು.

ಬಡಗಿಯ ಉಳಿಯ ಹಿಡಿಯ ಮೇಲೂ ಅದೇ ಗುರುತಿತ್ತು. ಆ ಊರಿನ ಬಡಗಿಗಳ ಪ್ರತಿ ಮನೆತನಕ್ಕೂ ಒಂದೊಂದು ಗುರುತು. ಕೆಲಸ ಮುಗಿದ ಮೇಲೆ ಅದನ್ನು ಎಲ್ಲರಿಗೂ ಕಾಣುವ ಕಡೆ ಕೊರೆಯದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಕ್ಕಿಕಾಲು ಇವನ ಮನೆತನದ್ದು.

ಹೆಂಡತಿ ಎದ್ದು ಬಂದು ಇಣುಕಿದಳು. “ರೀ, ಇದು ನಿಮ್ಮ ಹಿರೀಕರ ಕೆಲಸ.”

ನಿರ್ದೇಶಕರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ನೋಡಿದ್ರಾ? ಚಿಲಕ ಕೂರಿಸಿದ್ದು ನಿಮ್ಮ ಮುತ್ತಾತನ ಮುತ್ತಾತನೇ. ಈಗ ಅವರನ್ನೂ ಬೈತೀರಾ? ಪಾಪ, ಅವರಿಗೇನು ಗೊತ್ತು. ಕಾಲ ಹಾಗಿತ್ತು.”

ಬಡಗಿಗೆ ಕಪಾಳಕ್ಕೆ ಹೊಡೆದಂತಾಯಿತು. ಮನೆತನ ಅಂತ ಊರೆಲ್ಲ ಕೊಚ್ಚಿಕೊಂಡದ್ದು ಇದೇನಾ ಎನ್ನಿಸಿ ತಲೆ ತಗ್ಗಿಸಿದ.

“ಅಲ್ಲಾ ರೀ,” ಹೆಂಡತಿ ಬಿಡಲಿಲ್ಲ. “ನಿಮ್ಮ ಮನೆಯವರು ಕೋಳಿಗೂಡು ಮಾಡಿದ್ರೂ ಎದುರಿಗೇ ಗುರುತು ಹೊಡೆಯೋ ಜನ. ನಮ್ಮ ಮದುವೆ ಮಂಚದಲ್ಲಿ ದಿನಾ ನನ್ನ ತಲೆಗೆ ಚುಚ್ಚುತ್ತೆ ಅದು. ಇದೊಂದನ್ನ ಯಾಕೆ ಪಟ್ಟಿ ಕೆಳಗೆ ಬಚ್ಚಿಟ್ರು?”

ಬಡಗಿ ಮೂರು ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಪುಟ್ಟಿ ಡಬ್ಬದ ಮುಚ್ಚಳ ಒತ್ತಿ ಮುಚ್ಚಿದ. ಚಿಲಕವನ್ನು ಎತ್ತಿಕೊಂಡು ಮೊದಲಿನ ಜಾಗದಲ್ಲೇ, ಹೊರಗಡೆಯೇ, ಮೊಳೆ ಹೊಡೆದು ಕೂರಿಸಿದ. ಕಬ್ಬಿಣದ ಪಟ್ಟಿಯನ್ನು ಮಾತ್ರ ಹಾಕಲಿಲ್ಲ. ಹಕ್ಕಿಕಾಲು ಚಿಲಕದ ಮೇಲುಗಡೆ ಎದ್ದು ಕಾಣುತ್ತಿತ್ತು.

“ಸಾರ್, ಯಾರಿಗೂ ಗೊತ್ತಿರಲಿಲ್ಲ ಅಂದ್ರಲ್ಲ. ಈ ಮುದುಕನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ, ನಾಚಿಕೆಯಾಗಿ ಬಚ್ಚಿಟ್ಟ. ಬೈತೀನಿ, ಯಾಕೆ ಬೈಬಾರದು? ನಿಮ್ಮ ಮಹಾಪುರುಷನಿಗೆ ಅಷ್ಟು ನಾಚಿಕೆಯೂ ಇರಲಿಲ್ಲ.”

“ಹಾಗಾದ್ರೆ ಹೊರಡಿ. ಕಿಟಕಿಗಳನ್ನೂ ಸೇರಿಸಿ ಬೇರೆ ಬಡಗಿಗೆ ಕೊಡ್ತೀನಿ.”

ಬಡಗಿ ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಹೆಗಲಿಗೇರಿಸಿದ. ಹೆಂಡತಿ ಆಗಲೇ ಹೊಸ್ತಿಲು ದಾಟಿದ್ದಳು.

“ಕೊಡಿ ಸಾರ್. ಪುಟ್ಟಿ ತುಂಬಿ ಮುಗಿಸಿದ ಮೇಲೆ ಅವನು ತನ್ನ ಗುರುತು ಎಲ್ಲಿ ಹೊಡೀತಾನೆ, ಅದನ್ನ ಮಾತ್ರ ನೋಡಿ.”