ದ್ಯಾಮವ್ವನ ಸರ್ಟಿಫಿಕೇಟು

ಗದಗದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಸನ್ನ ಎಂಬ ಇಂಜಿನಿಯರ್ ಇದ್ದ. ಕೆಲಸದಲ್ಲಿ ಚುರುಕು... ನಾಲಿಗೆ ಅದಕ್ಕಿಂತ ಚುರುಕು.

ತನಗಿಂತ ಕಡಿಮೆ ಓದಿದವರೆಲ್ಲ ಅವನಿಗೆ ಕಾಲಕಸ.

ವಯಸ್ಸಾದವರಿಗೆ ಅಕ್ಷರ ಕಲಿಸುವ ಸಂಸ್ಥೆಯೊಂದು ಅವನ ಕಂಪನಿಗೆ ಸರ್ಟಿಫಿಕೇಟ್ ಮಾಡಿಕೊಡುವ ಕೆಲಸ ಒಪ್ಪಿಸಿತು.

"ಮುದುಕ್ಯಾರಿಗೆ ಸರ್ಟಿಫಿಕೇಟಾ? ಯಾವ ಇಂಟರ್‌ವ್ಯೂಗೆ ಹೊಂಟಾರ ಇವರು?" ಎಂದು ಆಫೀಸನ್ನೆಲ್ಲ ನಗಿಸಿದ.

ಎಚ್‌ಟಿಎಂಎಲ್‌ನಲ್ಲಿ ಸರ್ಟಿಫಿಕೇಟಿನ ಮಾದರಿ ಪುಟ, ಅಂದರೆ ಒಂದು ಟೆಂಪ್ಲೇಟ್ ಮಾಡಿ, ಹೆಸರಿನ ಜಾಗ ಖಾಲಿ ಬಿಟ್ಟ. ಅಲ್ಲಿ ಒಬ್ಬೊಬ್ಬರ ಹೆಸರು ತುಂಬಿ ಪಿಡಿಎಫ್ ಮಾಡುವ ಕೋಡ್ ಬರೆದ.

ಬ್ರೌಸರ್‌ನಲ್ಲಿ ಟೆಂಪ್ಲೇಟ್ ಚೆಂದ ಕಂಡಿತು... ಪಿಡಿಎಫ್ ತೆರೆದು ನೋಡುವ ಗೋಜಿಗೇ ಹೋಗದೆ ಸಂಸ್ಥೆಗೆ ಕಳಿಸಿಬಿಟ್ಟ.

ಸರ್ಟಿಫಿಕೇಟ್ ಹಂಚುವ ಸಮಾರಂಭದ ಹಿಂದಿನ ದಿನ ಸಂಸ್ಥೆಯ ಟೀಚರ್ ಶಕುಂತಲಾ ಫೋನ್ ಮಾಡಿದರು. "ಸರ, ಒತ್ತಕ್ಷರ ಎಲ್ಲಾ ಬಿಚ್ಚಿ ಬಿದ್ದಾವ್ರಿ. ಹೆಸರು ಹೆಸರಿನಂಗ ಇಲ್ಲ."

"ಮೇಡಂ, ನಿಮ್ಮ ಸ್ಟೂಡೆಂಟ್ಸ್ ಅದನ್ನ ಓದ್ತಾರೇನ್ರಿ? ಗ್ವಾಡಿಗೆ ತೂಗ ಹಾಕ್ತಾರ. ಪ್ರಿಂಟ್ ಹಾಕಸ್ರಿ!"

ಟೀಚರಿಗೆ ಬೇರೆ ದಾರಿ ಇರಲಿಲ್ಲ.

ಮರುದಿನ ಕಂಪನಿಯ ಪರವಾಗಿ ಪ್ರಸನ್ನನೇ ಅತಿಥಿಯಾಗಿ ಮುಂದಿನ ಸಾಲಿನಲ್ಲಿ ಕೂತಿದ್ದ... ಆಕಳಿಸುತ್ತಾ.

ವೇದಿಕೆಗೆ ಬಂದವರು ಸರ್ಟಿಫಿಕೇಟಿನಲ್ಲಿದ್ದ ತಮ್ಮ ಹೆಸರನ್ನು ಮೈಕಿನಲ್ಲಿ ಓದಬೇಕಿತ್ತು. ಕಮಲಾ ಓದಿದಳು. ಸರೋಜಾ ಓದಿದಳು. ಚಪ್ಪಾಳೆ!

ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ದ್ಯಾಮವ್ವಜ್ಜಿ ಬಂದಳು. ಮೊಮ್ಮಗಳ ಪಾಟಿಯ ಮೇಲೆ ಹೆಸರು ಬರೆದು ಬರೆದು ಕಲಿತವಳು.

ಅವಳ ಕೈಯಲ್ಲಿದ್ದ ಕಾಗದದಲ್ಲಿ ಇದ್ದದ್ದು... "ದ್‌ಯಾಮವ್‌ವ".

ಅಜ್ಜಿ ನೋಡಿದಳು. ಮತ್ತೆ ನೋಡಿದಳು. ಟೀಚರ್ ಕಡೆ ತಿರುಗಿದಳು.

"ನನಗ ಓದಾಕ ಬರವಲ್ದ್ರಿ ಬಾಯಾರ... ಕಲ್ತದ್ದೆಲ್ಲಾ ಮರ್ತ್ಹೋತು. ಇದು ನನಗ ಬ್ಯಾಡ್ರಿ."

ಹಿಂದಿನಿಂದ ಯಾರೋ ನಕ್ಕರು.

ಆ ನಗು ತನ್ನದೇ ನಗುವಿನ ಹಾಗೆ ಕೇಳಿಸಿತು ಪ್ರಸನ್ನನಿಗೆ. ಕೂತಿರಲಾಗಲಿಲ್ಲ. ವೇದಿಕೆ ಹತ್ತಿದ.

"ಅಜ್ಜಿ, ನಿಮಗ ಓದಾಕ ಬರ್ತದ. ತಪ್ಪು ನಂದು. ನಿಮಗೆಲ್ಲಿ ತಿಳೀತದ ಅಂತ... ನಾ ತೆರೆದು ಸುದ್ದಾ ನೋಡ್ಲಿಲ್ಲ."

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಂದ್ರ ನನಗ ತಿಳಿಯಂಗಿಲ್ಲ ಅಂತ ಒಡಕ ಹೆಸರು ಕೊಟ್ಟಿ? ಓದಿದಾಂವ ಅಂತ ನೀನು... ಹೋಗು, ನೆಟ್ಟಗ ಬರಕೊಂಡ ಬಾ!"

ಪ್ರಸನ್ನ ತಲೆ ತಗ್ಗಿಸಿ ಹೊರಗೆ ನಡೆದ.

ಆಫೀಸಿಗೆ ಹೋಗಿ, ಪಿಡಿಎಫ್ ಮಾಡಲು ಬಳಸಿದ್ದ, ಕನ್ನಡದ ಒತ್ತಕ್ಷರ ಜೋಡಿಸಲು ಬಾರದ ಹಳೆಯ ಸಾಫ್ಟ್‌ವೇರ್ ಲೈಬ್ರರಿಯನ್ನು ಕಿತ್ತುಹಾಕಿ, ಬ್ರೌಸರಿನಿಂದಲೇ ಪಿಡಿಎಫ್ ತೆಗೆದ. ಈ ಸಲ ಒಂದೊಂದನ್ನೂ ತೆರೆದು, ಪ್ರತಿ ಹೆಸರನ್ನೂ ಬಾಯಿಬಿಟ್ಟು ಓದಿದ.

ಹೊಸ ಸರ್ಟಿಫಿಕೇಟ್‌ಗಳನ್ನು ತಾನೇ ತರಗತಿಗೆ ಒಯ್ದ. ದ್ಯಾಮವ್ವ ತಕ್ಷಣ ಕೈಗೆ ತೆಗೆದುಕೊಳ್ಳಲಿಲ್ಲ. ಅವನ ಕೈಯಲ್ಲಿದ್ದ ಹಾಗೆಯೇ ಬೆರಳಿಟ್ಟು ಓದಿದಳು.

"ದ್ಯಾ... ಮ... ವ್ವ."

ಅವಳ ಕಣ್ಣು ತುಂಬಿತು. ಆದರೂ ಅಲ್ಲಿಗೇ ನಿಲ್ಲಿಸಲಿಲ್ಲ. ಊರಿನ ಹೆಸರು, ಸಂಸ್ಥೆಯ ಹೆಸರು, ಕೆಳಗಿನ ಸಣ್ಣಕ್ಷರ... ಎಲ್ಲವನ್ನೂ ಓದಿ ಮುಗಿಸುವವರೆಗೆ ಅವನನ್ನು ನಿಲ್ಲಿಸಿಕೊಂಡಳು.

ಆಮೇಲೆ ಅಂದಳು, "ಹ್ಞಾಂ... ಈಗ ಕೊಡು."

"ಇವರಿಗೇನು ತಿಳಿಯುತ್ತೆ" ಎಂದುಕೊಂಡು ಮಾಡಿದ ಕೆಲಸದಲ್ಲಿ ಕಾಣುವುದು ಅವರ ಅಜ್ಞಾನವಲ್ಲ, ನಮ್ಮ ಯೋಗ್ಯತೆ.

ನೀವು ಇವತ್ತು ಯಾರನ್ನು ಕಡೆಗಣಿಸಿ, ತೆರೆದೂ ನೋಡದೆ ಕೆಲಸ ಮುಗಿಸಿದಿರಿ...?