ಸೇದದ ಸಿಗರೇಟು

“ನಿಮ್ಮ ಗಡ್ಡೆ ಸ್ವಲ್ಪ ವಿಚಿತ್ರದ್ದು,” ಎಂದರು ಡಾಕ್ಟರಮ್ಮ, ರಿಪೋರ್ಟಿನ ಹಾಳೆ ತಿರುವುತ್ತ. “ಶ್ವಾಸಕೋಶದ ಒಂದೇ ಗಡ್ಡೆಯಲ್ಲಿ ಎರಡು ಜಾತಿಯ ಜೀವಕೋಶ ಬೆರೆತಿದೆ. ಅಪರೂಪ.”

ದರ್ಜಿಗೆ ತಕ್ಷಣ ಅರ್ಥವಾಯಿತು. “ಎರಡು ಥಾನಿನ ಬಟ್ಟೆ ಸೇರಿಸಿ ಹೊಲಿದ ಹಾಗೆ.”

“ಹಾಗೇ ಅಂದ್ಕೊಳ್ಳಿ. ಅದಕ್ಕೇ ಜೀನ್ ಪರೀಕ್ಷೆಗೂ ಕಳಿಸಿದ್ವಿ. ಒಂದು ಜೀನ್‌ನಲ್ಲಿ ಬದಲಾವಣೆ ಸಿಕ್ಕಿದೆ. ಇದು ಹೆಚ್ಚಾಗಿ ಸಿಗರೇಟು ಸೇದದೇ ಇರೋರಲ್ಲೇ ಕಾಣಿಸೋದು. ಇದಕ್ಕೆ ಅಂತಲೇ ಮಾತ್ರೆ ಇದೆ...”

ಮಾತ್ರೆಯ ಮಾತು ದರ್ಜಿಯ ಕಿವಿಗೆ ಬೀಳಲೇ ಇಲ್ಲ. ಕುರ್ಚಿಯ ತುದಿಗೆ ಸರಿದು, “ಸೇದದೇ ಇರೋರು ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ ಮೇಡಂ, ಇವಳಿಗೆ ಕೇಳೋ ಹಾಗೆ,” ಎಂದ.

ಪಕ್ಕದಲ್ಲಿದ್ದ ಹೆಂಡತಿ ಗೋಡೆ ನೋಡುತ್ತಿದ್ದಳು. ಕ್ಯಾನ್ಸರ್ ಎಂಬ ಮಾತು ಮನೆಗೆ ಬಂದ ದಿನದಿಂದ, ಅಂದರೆ ಮೂರು ವಾರದಿಂದ, ಅವಳು ಗಂಡನ ಜೊತೆ ಮಾತು ಬಿಟ್ಟಿದ್ದಳು. ಕದ್ದು ಸೇದಿದ್ದಾನೆ ಎಂಬುದು ಅವಳ ತೀರ್ಮಾನ. ಊರಿಗೆಲ್ಲ ಜೇಬು ಹೊಲಿದುಕೊಡುವವನ ಜೇಬುಗಳನ್ನೇ ದಿನಾ ತಿರುವಿಹಾಕಿ ಮೂಸುತ್ತಿದ್ದಳು. ಪಾಪ, ದರ್ಜಿ ಆಣೆ ಹಾಕಿ, ಗೋಗರೆದು, ರೇಗಿ, ಕೊನೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ರೋಗಕ್ಕಿಂತ ಈ ಅಪವಾದವೇ ಅವನನ್ನು ಹಣ್ಣು ಮಾಡಿತ್ತು.

“ಕೇಳಿಸ್ತೇನೇ? ರಿಪೋರ್ಟೇ ಹೇಳ್ತಿದೆ, ನಾನು ಸೇದಿಲ್ಲ ಅಂತ!” ಪರೀಕ್ಷೆ ಪಾಸಾದವನಂತೆ ಅವನ ಮುಖ ಅರಳಿತು. “ಇದನ್ನ ಬೇರೆ ಕಾಗದದಲ್ಲಿ ಬರೆದು ಸೀಲ್ ಹಾಕಿಕೊಡ್ತೀರಾ ಮೇಡಂ?”

ನಗಬೇಕೋ ಬೇಡವೋ ತಿಳಿಯದೆ ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು.

ಆಗ ಹೆಂಡತಿ ಬಾಯಿಬಿಟ್ಟಳು. “ಹಾಗಾದ್ರೆ ಇವರಿಗ್ಯಾಕೆ ಬಂತು?”

“ಯಾರ ತಪ್ಪೂ ಅಲ್ಲಮ್ಮ. ಕೆಲವರಿಗೆ ಹಾಗೇ ಬಂದ್ಬಿಡುತ್ತೆ.”

ಅಷ್ಟು ಕೇಳಿದ್ದೇ ತಡ, ಅವಳು ಬಿಕ್ಕಿ ಬಿಕ್ಕಿ ಅತ್ತಳು. “ಸೇದ್ತಿದ್ದಿದ್ರೆ ಬೈದಾದ್ರೂ ಬಿಡಿಸ್ತಿದ್ದೆ ರೀ... ಈಗ ನಾನು ಏನನ್ನ ಬಿಡಿಸ್ಲಿ?”

ಗೆದ್ದ ವ್ಯಾಜ್ಯ ಮೇಜಿನ ಮೇಲೇ ಬಿದ್ದಿತ್ತು. ದರ್ಜಿ ಆ ಹಾಳೆಗಳನ್ನು ಮೆಲ್ಲಗೆ ಆಚೆ ತಳ್ಳಿದ.

“ಒಂದು ವಿಷಯ ಹೇಳ್ತೀನಿ, ರೇಗಬೇಡ. ಅಂಗಡಿ ಹಿಂದೆ ನಿಂತು ದಿನಕ್ಕೊಂದು ಸೇದ್ತಿದ್ದೆ.”

ಅವಳ ಅಳು ಗಕ್ಕನೆ ನಿಂತಿತು. ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. “ನಂಗೊತ್ತಿತ್ತು! ಇನ್ನೊಂದ್ಸಲ ಮುಟ್ಟಿದ್ರೆ ನೋಡಿ ಮತ್ತೆ!”

“ಇಲ್ಲ ಕಣೇ,” ಎಂದ, ಹುಟ್ಟಿದಾಗಿನಿಂದ ಒಂದೂ ಸೇದದ ದರ್ಜಿ. “ಇವತ್ತಿಗೇ ಬಿಟ್ಟೆ.”