ಗಾಳಿಗೆ ಹಿಡಿದ ಚಾಪೆ

"ಮುಟ್ಟಬ್ಯಾಡ್ರಿ, ನಾವು ದೇವ್ರಿಗೆ ಹೊಂಟೀವಿ!" ಕಡಲತೀರದ ಪಾರ್ಕಿನಲ್ಲಿ ಅಡುಗೆಗೆ ಕೂತಿದ್ದ ಜಗಳೂರಿನ ಗಾದ್ರಮ್ಮ, ಪಕ್ಕದ ಟೆಂಪೋದಲ್ಲಿ ಬಂದಿದ್ದ ಕೆರೆಬಿಳಚಿಯ ರೋಶನಬಿ ಹತ್ತಿರ ಬರುತ್ತಲೇ ಬಾಣಲೆಯನ್ನು ಸರಕ್ಕನೆ ತನ್ನತ್ತ ಎಳೆದುಕೊಂಡಳು.

"ಮುಟ್ಟಲ್ಲ ಬಿಡ್ರಿ ಅಕ್ಕಾ. ಎಷ್ಟು ಕಡ್ಡಿ ಗೀರಿದ್ರೂ ಈ ಗಾಳಿ ಸ್ಟೋವ್ ಹಚ್ಚಾಕೆ ಬಿಡ್ತೈತಾ?" ಎಂದು ನಗುತ್ತಾ ರೋಶನಬಿ, ತನ್ನ ಮಕ್ಕಳನ್ನು ಮರಳಿಗೆ ಇಳಿಸಿ, ತಂದಿದ್ದ ಚಾಪೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಗಾಳಿಗೆ ಅಡ್ಡ ನಿಂತಳು.

ಸ್ಟೋವ್ ಹತ್ತಿತು. ಒಗ್ಗರಣೆ ಸಿಡಿದು ಮಂಡಕ್ಕಿ ಬೆರೆಯುವಷ್ಟರಲ್ಲಿ ಚಾಪೆ ಹಿಡಿದ ರೋಶನಬಿಯ ತೋಳುಗಳು ಸೋಲತೊಡಗಿದ್ದವು. ಆದರೂ ಒಂದು ಹೆಜ್ಜೆ ಮುಂದೆ ಬಂದಿರಲಿಲ್ಲ. ಗಾದ್ರಮ್ಮನಿಗೆ ತಲೆ ಎತ್ತಲಾಗಲಿಲ್ಲ. ಮೊದಲ ತಟ್ಟೆಯನ್ನೇ ಎರಡೂ ಕೈಯಲ್ಲಿ ಚಾಚಿ, "ಮಕ್ಕಳಿಗೆ ಕೊಡ್ರಿ" ಎಂದಳು.

ರೋಶನಬಿ ಕೈ ಹಿಂದಕ್ಕೆಳೆದುಕೊಂಡು ಮೆಲ್ಲಗೆ ಹೇಳಿದಳು, "ಕೆಳಗಿಡ್ರಿ ಅಕ್ಕಾ, ತಗಂತೀನಿ."